ಊರಿನ ಹೆಸರಿರೋ ಹಣ್ಣು

ಅಂಜೂರದ ಹಳೇ ತಳಿಗಳ ಹೆಸರು ಓದಿದರೆ ರೈಲ್ವೆ ಟೈಮ್‌ಟೇಬಲ್ ಓದಿದ ಹಾಗಿರುತ್ತೆ: ಪೂನಾ, ದೌಲತಾಬಾದ್, ಕೊಯಮತ್ತೂರು, ಬಳ್ಳಾರಿ, ಗಂಜಾಂ. ಮಾವಿಗೆ ಮಲಗೋವಾ, ಗಿಣಿಮೂತಿ, ಸಕ್ಕರೆಗುತ್ತಿ ಅಂತ ಬಾಯಿ ತುಂಬ ಹೆಸರಿಟ್ಟ ಜನ ಅಂಜೂರಕ್ಕೆ ಊರಿನ ಹೆಸರಿಟ್ಟು ಸುಮ್ಮನಾದರು. ಅದರಲ್ಲೊಂದು ವಿವೇಕ ಇದೆ ಅಂತ ನನಗನ್ನಿಸುತ್ತೆ. ಈ ಹಣ್ಣಿನ ರುಚಿ ಅರ್ಧ ಗಿಡದ್ದು, ಇನ್ನರ್ಧ ಆ ಊರಿನ ಬಿಸಿಲಿನದು. ಜಯನಗರ, ಬನಶಂಕರಿ ಕಡೆ ಟೆರೇಸ್ ಮೇಲೊಂದು ಅಂಜೂರ ಇಡೋಣ ಅಂತ ಹೊರಟ ಗೆಳೆಯರೆಲ್ಲ ನನ್ನನ್ನು ಕೇಳೋದು "ಯಾವುದು ಸಿಹಿ?" ಅಂತ. ಕೇಳಬೇಕಾದ್ದು ಬೇರೆ: "ಇದು ಯಾವ ಊರಿಂದ ಬಂತು?"

ನಮ್ಮ ನೆಲಕ್ಕೆ ಅಂಜೂರದ ಬಳಗ ಹೊಸದೇನಲ್ಲ. ಆಲ, ಅರಳಿ, ಬಸರಿ, ಅತ್ತಿ ಎಲ್ಲ ಅದರ ದಾಯಾದಿಗಳೇ. ಆದರೆ ತಿನ್ನೋ ಅಂಜೂರ ಹೊರಗಿನಿಂದ ಬಂದದ್ದು. ಹೆಸರೇ ಪಾರಸಿಯ 'ಅಂಜೀರ್'. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರುಮಾಡಿದ. 1687ರಿಂದ 1757ರವರೆಗೆ ಮೊಘಲ್ ಸುಬಾದ ಕೇಂದ್ರವಾಗಿದ್ದ ಶಿರಾದಲ್ಲಿ ದಿಲಾವರ್ ಖಾನ್ ಮಾಡಿಸಿದ್ದ ಖಾನ್ ಬಾಗ್ ಅನ್ನೋ ತೋಟವೇ ಇದಕ್ಕೆ ಮಾದರಿ ಅಂತ ಹೇಳ್ತಾರೆ. ಟಿಪ್ಪು ಕಾಬೂಲ್, ಪರ್ಷಿಯಾ, ಟರ್ಕಿ, ಮಾರಿಷಸ್‌ಗಳಿಂದ ಗಿಡ, ಬೀಜ ತರಿಸಿ ಆ ತೋಟ ಬೆಳೆಸಿದ. ಇವುಗಳಲ್ಲಿ ಮೊದಲ ಮೂರೂ ಅಂಜೂರದ ಸೀಮೆಗಳೇ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ತೋಟದಲ್ಲಿ ಒಂದೊಂದು ಜಾತಿಗೆ ಒಂದೊಂದು ಚೌಕ ಮೀಸಲಿಟ್ಟದ್ದನ್ನು ಬರೆದಿದ್ದಾನೆ. ಒಂದರಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಈ ಗಾಳಿಗೆ ಯಾವುದು ಒಗ್ಗುತ್ತೆ ಅಂತ ಬೇರೆ ಬೇರೆ ಇಟ್ಟು ನೋಡೋಕೆ ಅದು ಒಳ್ಳೇ ಏರ್ಪಾಡು.

ಗಂಜಾಂ ಅಂದರೆ ನಮಗೆ ಒಡವೆ ಅಂಗಡಿ ನೆನಪಾಗುತ್ತೆ, ಇಲ್ಲವೇ ಮೈಸೂರಿಗೆ ಹೋಗ್ತಾ ನಿಲ್ಲೋ ನಿಮಿಷಾಂಬ ದೇವಸ್ಥಾನ. ಶ್ರೀರಂಗಪಟ್ಟಣದ ದ್ವೀಪದ ಮೇಲಿನ ಈ ಊರನ್ನು ಟಿಪ್ಪು ಶಹರ್ ಗಂಜಾಂ ಅಂತ ಕಟ್ಟಿಸಿ, ತುಂಬಿಸೋಕೆ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದ ಅಂತ ಹಳೇ ಗೆಜೆಟಿಯರ್ ಹೇಳುತ್ತೆ. 1799ರಲ್ಲಿ ರಾಜಧಾನಿ ಬಿತ್ತು. ಆದರೂ ಊರಿನ ಹೆಸರು ಒಂದು ಹಣ್ಣಿಗೆ ಅಂಟಿಕೊಂಡು ಉಳಿಯಿತು. ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ ಅಂದ ಹಾಗೇ ಹಳಬರು ಗಂಜಾಂ ಅಂಜೂರ ಅಂತಿದ್ದರು. ಇವತ್ತು ಆ ಕಡೆ ಕಣ್ಣಿಗೆ ಬೀಳೋದು ಹೆಚ್ಚಾಗಿ ಕಬ್ಬು, ಭತ್ತ. ಬುಡದಲ್ಲಿ ನೀರು ನಿಂತರೆ ಸಹಿಸದ ಅಂಜೂರಕ್ಕೆ ಗದ್ದೆ ಒಳ್ಳೇ ನೆರೆ ಅಲ್ಲ.

ತಳಿ ಆರಿಸುವಾಗ ಮೊದಲು ನೋಡಬೇಕಾದ್ದು ಒಂದು ಹುಳು. ಅತ್ತಿಹಣ್ಣು ಬಿಚ್ಚಿದರೆ ಹುಳು ಕಾಣೋದು ನಿಮಗೆ ಗೊತ್ತೇ ಇದೆ. ಆ ಹಣ್ಣಿನೊಳಗೇ ಹೂವಿರುತ್ತೆ. ಪುಟ್ಟ ಕಣಜವೊಂದು ಒಳಗೆ ಹೊಕ್ಕು ಪರಾಗಸ್ಪರ್ಶ ಮಾಡುತ್ತೆ. ಅಂಜೂರದಲ್ಲೂ ಕೆಲವು ತಳಿಗಳಿಗೆ ಇಂಥದೇ ಕಣಜ ಬೇಕು. ಟರ್ಕಿಯ ಹೆಸರಾಂತ ಸ್ಮಿರ್ನಾ ಅಂಥದು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಸ್ಮಿರ್ನಾ ಕಡ್ಡಿಗಳನ್ನು ಸಾವಿರಗಟ್ಟಲೆ ತರಿಸಿ ನೆಟ್ಟರು. ಗಿಡ ಸೊಂಪಾಗಿ ಬೆಳೆಯಿತು, ಕಾಯಿ ಮಾತ್ರ ಹಣ್ಣಾಗದೆ ಉದುರಿತು. ಟರ್ಕಿಯವರು ಬೇಕಂತಲೇ ಕೆಟ್ಟ ಕಡ್ಡಿ ಕೊಟ್ಟು ಟೋಪಿ ಹಾಕಿದರು ಅಂತ ಬೈದುಕೊಂಡವರೂ ಇದ್ದರು. ಕೊರತೆ ಇದ್ದದ್ದು ಕಣಜದ್ದು. 1899ರಲ್ಲಿ ಅದನ್ನು ಅಲ್ಜೀರಿಯಾದಿಂದ ತರಿಸಿ, ಫ್ರೆಸ್ನೋದಲ್ಲಿ ಜಾರ್ಜ್ ರೋಡಿಂಗ್ ತೋಟದಲ್ಲಿ ನೆಲೆಗೊಳಿಸಿದ ಮೇಲೇ ಹಣ್ಣು ನಿಂತದ್ದು.

ಕಾಬೂಲ್, ಟರ್ಕಿಯಿಂದ ಗಿಡ ತರಿಸಿದ್ದ ನಮ್ಮ ನಾಡಿನಲ್ಲೂ ಕಣಜದ ಹಂಗಿಲ್ಲದ ತಳಿಗಳೇ ಊರಿದವು. ಪೂನಾ ಅಂಥದು. ನಮ್ಮ ಅತ್ತಿಯ ಕಣಜ ಬೇರೆ ಜಾತಿ, ಅದು ಅಂಜೂರದ ಕೆಲಸಕ್ಕೆ ಬರಲ್ಲ. ಹಾಗಾಗಿ ಆನ್‌ಲೈನಲ್ಲಿ ಯಾರಾದರೂ ಅಸಲಿ ಸ್ಮಿರ್ನಾ ಮಾರಿದರೆ ಕೈಮುಗಿದು ಮುಂದೆ ಹೋಗಿ. ಟರ್ಕಿಯ ಫೋಟೋದಲ್ಲಿರೋ ಹಣ್ಣು ಜೆಪಿ ನಗರದಲ್ಲಿ ಆಗಲ್ಲ.

ಎರಡನೆಯದು ಮಳೆ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಪುಣೆ ಹತ್ತಿರದ ಪುರಂದರದ ರೈತರು. ಅಲ್ಲಿ ಒಂದೇ ಗಿಡದಿಂದ ಎರಡು ಫಸಲು. ಮಳೆಗಾಲದ್ದು ಖಟ್ಟಾ ಬಹಾರ್, ಅಂದರೆ ಹುಳಿ. ಬೇಸಿಗೆಯದು ಮೀಠಾ ಬಹಾರ್, ಸಿಹಿ. ತಳಿ ಅದೇ, ಮಣ್ಣು ಅದೇ, ಬದಲಾದದ್ದು ಆಕಾಶ ಮಾತ್ರ. ಒಣಗಾಳಿ ಇದ್ದರೆ ಸಕ್ಕರೆ ಕೂಡುತ್ತೆ. ಮಳೆ ಬಿದ್ದರೆ ಹಣ್ಣು ಸೀಳುತ್ತೆ, ಎಲೆಗೆ ತುಕ್ಕುರೋಗ ಹತ್ತಿ ಉದುರುತ್ತೆ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ನಂಜನಗೂಡು ರಸಬಾಳೆಗೂ ಆ ಮಾನ ಇದೆ. ಗಂಜಾಂ ಅಂಜೂರಕ್ಕೆ ಇಲ್ಲ.

ನಮ್ಮಲ್ಲಿ ಅಂಜೂರ ಈಗ ಬಳ್ಳಾರಿ, ಕೊಪ್ಪಳದ ಬೆಳೆ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ, ಮಳೆ ಬೆಂಗಳೂರಿನ ಅರ್ಧದಷ್ಟು. ಹನಿ ನೀರಾವರಿಯಲ್ಲಿ ಅಲ್ಲಿನ ರೈತರು ಪೂನಾ, ಬಳ್ಳಾರಿ ತಳಿಗಳ ಜೊತೆ ಡಯಾನಾ ಬೆಳೀತಾರೆ. ಈ ಡಯಾನಾ ಎಲ್ಲಿಯದು ಗೊತ್ತಾ? ಕಣಜವಿಲ್ಲದೆ ಪರದಾಡಿದ ಅದೇ ಕ್ಯಾಲಿಫೋರ್ನಿಯಾದ್ದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಐರಾ ಕಾಂಡಿಟ್ ಕಣಜದ ಉಸಾಬರಿ ಬೇಡದ ತಳಿಗಳಿಗಾಗಿ ವರ್ಷಗಟ್ಟಲೆ ಸಂಕರ ಮಾಡಿ 1956ರಲ್ಲಿ ಕೊನಾಡ್ರಿಯಾ ಬಿಡುಗಡೆ ಮಾಡಿದ. ಅದೇ ಕೆಲಸ ಮುಂದುವರಿದು ಬಂದ ಮಗಳು ಡಯಾನಾ.

ಹಾಗಾದರೆ ದಕ್ಷಿಣ ಬೆಂಗಳೂರು ಬಳ್ಳಾರಿಯೋ, ಅಲ್ಲವೋ? ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳೋ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರು ಬಳ್ಳಾರಿ ಆಗಲ್ಲ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲೂ 39.2 ಡಿಗ್ರಿ ಮುಟ್ಟಿತ್ತು. ಬಿಟಿಎಂ ಲೇಔಟ್‌ನ ನಾಲ್ಕನೇ ಮಹಡಿಯ ಕಾಂಕ್ರೀಟ್ ಮೇಲೆ ಮಾರ್ಚ್ ಮಧ್ಯಾಹ್ನ ಬರಿಗಾಲಲ್ಲಿ ನಿಂತವರಿಗೆ ಬಳ್ಳಾರಿಯ ಪರಿಚಯ ಬೇರೆ ಬೇಕಿಲ್ಲ. ನಮ್ಮದು ಎರಡು ಊರು: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಳ್ಳಾರಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ತುಕ್ಕುರೋಗದ ತವರು.

ಆದ್ದರಿಂದ ನನ್ನ ಸಲಹೆ ಸರಳ. ಬಿಸಿಲು ಚೆನ್ನಾಗಿ ಬೀಳೋ ಟೆರೇಸ್ ಇದ್ದರೆ ಪೂನಾ ಅಥವಾ ಡಯಾನಾ. ಕುಂಡದಲ್ಲೇ ಚಿಕ್ಕದಾಗಿ ಇಟ್ಟುಕೊಳ್ಳೋಕೆ ಬ್ರೌನ್ ಟರ್ಕಿಯೂ ಆಗುತ್ತೆ. ಅದಕ್ಕೂ ಕಣಜ ಬೇಡ. ನೆಲದಲ್ಲಿ ಗೋಡೆ ಪಕ್ಕ ನೆಡಬೇಡಿ, ದೊಡ್ಡ ಡ್ರಮ್ ಸಾಕು, ತಳದಲ್ಲಿ ತೂತು ಇರಲಿ. ಮಳೆ ಹಿಂದೆ ಸರಿಯೋ ಹೊತ್ತಿಗೆ ಸವರಿದರೆ ಹಣ್ಣು ಬೇಸಿಗೆಗೆ ಬರುತ್ತೆ, ಮೀಠಾ ಬಹಾರ್ ನಿಮ್ಮದಾಗುತ್ತೆ. ಹಣ್ಣು ಮಾಗುವಾಗ ನೀರಲ್ಲಿ ಕೈ ಬಿಗಿ ಇರಲಿ.

ಲಾಲ್‌ಬಾಗ್ ಬೆನ್ನಿಗಿರೋ ಸಿದ್ದಾಪುರದ ನರ್ಸರಿಗಳಲ್ಲಿ ಗಿಡ ಕೊಳ್ಳುವಾಗ ಬರೀ "ಅಂಜೂರ" ಅಂದರೆ ಒಪ್ಪಬೇಡಿ, ತಳಿಯ ಹೆಸರು ಕೇಳಿ. ಅಂಜೂರದ ತಳಿ ಬೀಜದಿಂದ ಉಳಿಯಲ್ಲ, ಕಡ್ಡಿಯಿಂದ ಉಳಿಯುತ್ತೆ. ಈಗಿರೋ ಪ್ರತಿ ಪೂನಾ ಗಿಡವೂ ಯಾರೋ ಒಬ್ಬರು ಒಂದು ಕಡ್ಡಿ ಮುರಿದು ಇನ್ನೊಬ್ಬರ ಕೈಗಿಟ್ಟದ್ದರ ಫಲ. ಆ ಸರಪಳಿ ಒಂದೇ ತಲೆಮಾರು ತುಂಡಾದರೂ ತಳಿ ಹೋಯಿತು, ಊರಿನ ಹೆಸರಷ್ಟೇ ಉಳಿಯುತ್ತೆ. ನಿಮಿಷಾಂಬನ ದರ್ಶನಕ್ಕೆ ಹೋದಾಗ ಯಾರದಾದರೂ ಹಿತ್ತಿಲಲ್ಲಿ ಹಳೇ ಅಂಜೂರದ ಗಿಡ ಕಂಡರೆ ನಾಚಿಕೊಳ್ಳದೆ ಒಂದು ಕಡ್ಡಿ ಕೇಳಿ. ಕೊಟ್ಟರೆ ಮನೆಗೆ ತಂದು ನೆಟ್ಟು, ಡ್ರಮ್ ಮೇಲೆ ಪೇಂಟಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ: ಗಂಜಾಂ.