ವೀರಗಲ್ಲಿನ ವಿಮಾನ ಮತ್ತು ಪರಗ್ರಹದ ಅತಿಥಿ

ಗೋಕಾಕ ಜಲಪಾತದ ದಂಡೆಯ ಮೇಲೆ ಚಾಲುಕ್ಯ ಶೈಲಿಯ ಹಳೆಯ ಮಹಾಲಿಂಗೇಶ್ವರ ಗುಡಿಯಿದೆ. ಅದೇ ಘಟಪ್ರಭೆಯ ನೀರಿನ ಬಲವನ್ನು ನಂಬಿ 1880ರ ದಶಕದಲ್ಲಿ ಶುರುವಾದ ನೂಲಿನ ಗಿರಣಿಯೂ ಅಲ್ಲೇ ಇದೆ. ಮೂಡಲಗಿಯ ಪದವಿ ವಿದ್ಯಾರ್ಥಿಯೊಬ್ಬ ತಾನು ಬರೆಯುತ್ತಿರುವ ವಿಡಿಯೊ ಗೇಮಿನ ಕಥೆಗೆ ಈ ಗುಡಿಯನ್ನು ಆರಿಸಿಕೊಂಡಿದ್ದಾನೆ. ಅವನ ಕಥೆಯಲ್ಲಿ ನೂರಾರು ವರ್ಷಗಳ ಹಿಂದೆ ಆಕಾಶದಿಂದ ನೌಕೆಯೊಂದು ಇಳಿಯುತ್ತದೆ. ಅದರಲ್ಲಿ ಬಂದವರನ್ನು ಜನ ದೇವರೆಂದು ಪೂಜಿಸುತ್ತಾರೆ. ಗುಡಿ ಕಟ್ಟುವ ವಿದ್ಯೆ ಕಲಿಸಿದವರೂ ಅವರೇ. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳು ಸಂಕೇತ ಕಳಿಸುವ ಕೇಂದ್ರಗಳು. ಇಂದಿನ ಕಾಲದ ನಾಯಕಿ, ಪೂಜಾರಿಯ ಮಗಳು, ಹಂತ ಹಂತವಾಗಿ ಈ ಗುಟ್ಟನ್ನು ಬಿಡಿಸಬೇಕು. ಕೊನೆಗೆ ತನ್ನ ಭಕ್ತಿಯನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ನಿರ್ಧರಿಸಬೇಕು.

ಇದಕ್ಕೆ ಅವನು ಕೊಟ್ಟ ಆಧಾರ ವೀರಗಲ್ಲು. "ಅಣ್ಣಾ, ಕಲ್ಲಿನ್ಯಾಗ ವಿಮಾನ ಕೆತ್ಯಾರಲ್ಲ, ನೋಡಲಾರದ ಕೆತ್ಯಾರೇನು?" ಎಂದು ಕೇಳಿದ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ನಕ್ಕು ಬಿಡುವಂಥದ್ದು ಎನ್ನಿಸಲಿಲ್ಲ.

ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಹೋರಾಟ: ತುರು ಕಾಯಲು, ಊರು ಉಳಿಸಲು, ಒಡೆಯನಿಗಾಗಿ ಸತ್ತವನ ಕೊನೆಯ ಗಳಿಗೆ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ, ಹಲವು ಕಲ್ಲುಗಳಲ್ಲಿ ವಿಮಾನದಲ್ಲಿ ಕೂಡಿಸಿಕೊಂಡು. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿದ್ದಾನೆ. ಇಲ್ಲಿ ಗಮನಿಸಬೇಕಾದದ್ದು ವಿಮಾನದ ದಿಕ್ಕು. ಕಲ್ಲಿನ ಕಥೆ ಶುರುವಾಗುವುದು ಮೇಲಿಂದ ಇಳಿದವರಿಂದಲ್ಲ, ಕೆಳಗೆ ಸತ್ತವನಿಂದ. ಊರಿನವನೊಬ್ಬ ಮಣ್ಣಿನಿಂದ ಮೇಲೇರುವ ಕಥೆ ಅದು. ವಿಮಾನದ ಆಕಾರವೂ ಎಲ್ಲಿಂದಲೋ ಬಂದದ್ದಲ್ಲ. ಗರ್ಭಗುಡಿಯ ಮೇಲಿನ ರಚನೆಗೂ ನಮ್ಮ ವಾಸ್ತುಶಿಲ್ಪದಲ್ಲಿ ವಿಮಾನವೆಂದೇ ಹೆಸರು. ಕೆತ್ತಿದವನು ದಿನವೂ ಕಂಡ ಗುಡಿಯನ್ನು ಸತ್ತವನಿಗೆ ವಾಹನವಾಗಿ ಕೊಟ್ಟಿದ್ದಾನೆ.

ಹಾಗಾದರೆ ಈ ವಿಮಾನ ಯಂತ್ರವಾದದ್ದು ಯಾವಾಗ? ಇದಕ್ಕೆ ಕರ್ನಾಟಕದಲ್ಲೇ ಒಂದು ಸ್ಪಷ್ಟ ಉದಾಹರಣೆಯಿದೆ: 'ವೈಮಾನಿಕ ಶಾಸ್ತ್ರ'. ಭರದ್ವಾಜ ಮಹರ್ಷಿಯ ಕೃತಿಯೆಂದು ಹೇಳಲಾಗುವ ಈ ಸಂಸ್ಕೃತ ಗ್ರಂಥವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಬಾಯಲ್ಲಿ ಹೇಳಿ ಬರೆಸಿದರು. ಬರೆದುಕೊಂಡವರು ವೆಂಕಟಾಚಲ ಶರ್ಮರು. ವಿಮಾನಗಳ ನಕ್ಷೆಗಳನ್ನು ಎಲ್ಲಪ್ಪ ಎಂಬ ನಕ್ಷೆಗಾರರು ಬರೆದರು. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳು ಜಗತ್ತಿನ ಹಾರುವ ತಟ್ಟೆ ಪ್ರಿಯರ ಕಣ್ಣಿಗೆ ಬಿದ್ದವು.

ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಈ ಗ್ರಂಥವನ್ನು ಪರಿಶೀಲಿಸಿದರು. ಅವರು ಅದನ್ನು ಗೇಲಿ ಮಾಡಿ ಕೈಬಿಡಲಿಲ್ಲ. ಭಾಷೆಯನ್ನು ನೋಡಿದರು, ನಕ್ಷೆಗಳ ಅಳತೆ ತೂಕಗಳನ್ನು ಲೆಕ್ಕ ಹಾಕಿದರು. ಸಂಸ್ಕೃತ ವೈದಿಕ ಕಾಲದ್ದಲ್ಲ, ಕೃತಿ 1904ಕ್ಕಿಂತ ಹಿಂದಿನದಾಗಿರಲಾರದು, ಹೇಳಿದ ವಿಮಾನಗಳು ಹಾರಲಾರವು ಎಂಬ ತೀರ್ಮಾನಕ್ಕೆ ಬಂದರು. ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರಿನಲ್ಲಿ ಎಂಬುದನ್ನು ಇದರ ಪಕ್ಕಕ್ಕಿಟ್ಟರೆ ಕಾಲದ ಸಂಬಂಧ ಕಾಣುತ್ತದೆ.

ಶಾಸ್ತ್ರಿಗಳನ್ನು ಮೋಸಗಾರರೆಂದು ಕರೆಯುವುದು ನನ್ನ ಉದ್ದೇಶವಲ್ಲ. ಹೊರಗಿನಿಂದ ಬಂದ ಆಳರಸರು ಯಂತ್ರದ ಬಲದಿಂದಲೇ ನಾಗರಿಕತೆಯನ್ನು ಅಳೆಯುತ್ತಿದ್ದ ಕಾಲ ಅದು. ಗೋಕಾಕದ ಗಿರಣಿಯೂ ಅದೇ ಕಾಲದ್ದು. ನಿಮ್ಮಲ್ಲಿ ಯಂತ್ರ ಇತ್ತೇ ಎಂದು ಕೇಳಿದವರಿಗೆ, ನಮ್ಮಲ್ಲೂ ಇತ್ತು ಎಂದು ಉತ್ತರಿಸುವ ತವಕ ಅರ್ಥವಾಗುವಂಥದ್ದೇ. ಆದರೆ ಆ ಉತ್ತರಕ್ಕಾಗಿ ಪುಷ್ಪಕ ವಿಮಾನ ಕಾವ್ಯದಿಂದ ಕಾರ್ಖಾನೆಗೆ ಇಳಿಯಬೇಕಾಯಿತು. ನಂಬಿಕೆಗೆ ಯಂತ್ರವೇ ಸಾಕ್ಷಿ ಹೇಳಬೇಕಾಯಿತು.

1968ರಲ್ಲಿ ಎರಿಕ್ ಫಾನ್ ಡ್ಯಾನಿಕೆನ್ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪುಸ್ತಕ ಇದನ್ನು ಇನ್ನೊಂದು ದಾರಿಗೆ ಒಯ್ದಿತು. ಹಳೆಯ ಜನರ ದೇವರುಗಳು ಬೇರೆ ಲೋಕದ ಯಾತ್ರಿಕರು, ದೊಡ್ಡ ಕಟ್ಟಡಗಳ ಹಿಂದೆ ಅವರ ಕೈವಾಡವಿದೆ ಎಂಬುದು ಆ ವಾದ. ಕೇಳಲು ರೋಚಕ. ಆದರೆ ಅದರಲ್ಲಿ ಕಳೆದುಕೊಳ್ಳುವವರು ಯಾರು? ಈಜಿಪ್ಟಿನ, ಮೆಕ್ಸಿಕೊದ, ಭಾರತದ ಕಲ್ಲುಕುಟಿಗರು. ನಮ್ಮ ಶಿಲ್ಪಿಗಳು ಎಲ್ಲ ಕಡೆಯೂ ಅನಾಮಿಕರಲ್ಲ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ. ಹೊಯ್ಸಳರ ಹಲವು ಗುಡಿಗಳಲ್ಲಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿದ್ದಾನೆ. ಹೆಸರು ಬರೆಯದೆ ಹೋದವರೇ ಹೆಚ್ಚು. ಗೋಕಾಕದ ಗುಡಿಯನ್ನೂ ಹುಕ್ಕೇರಿಯ ಗುಮ್ಮಟವನ್ನೂ ನೌಕೆಯವರಿಗೆ ಬರೆದುಕೊಟ್ಟರೆ, ಅವರಿಗೆ ಉಳಿದಿರುವ ಒಂದೇ ಗುರುತನ್ನೂ ಅಳಿಸಿದಂತಾಗುತ್ತದೆ.

ಕಥೆಯಲ್ಲಿ ಪರಗ್ರಹವೂ ಭಕ್ತಿಯೂ ಒಟ್ಟಿಗೆ ಇರಬಾರದು ಎಂದಲ್ಲ. 2001ರಲ್ಲಿ ಬಂದ 'ಹೇಲೋ' ಆಟದಲ್ಲಿ ಭಕ್ತರು ಮನುಷ್ಯರಲ್ಲ, ಪರಗ್ರಹದವರೇ. ತಮಗಿಂತ ಹಿಂದಿನ ಜನಾಂಗವೊಂದು ಬಿಟ್ಟುಹೋದ ಉಂಗುರಗಳನ್ನು ಅವರು ಮೋಕ್ಷದ ದಾರಿಯೆಂದು ನಂಬಿದ್ದಾರೆ. ನಿಜದಲ್ಲಿ ಅವು ಜೀವರಾಶಿಯನ್ನೇ ಅಳಿಸುವ ಅಸ್ತ್ರಗಳು. ಪುಣೆಯ ತಂಡವೊಂದು 2020ರಲ್ಲಿ ತಂದ 'ರಾಜಿ' ಆಟ ಇದಕ್ಕಿಂತ ಬೇರೆ. ಅದರಲ್ಲಿ ದುರ್ಗೆಯೂ ವಿಷ್ಣುವೂ ಕಥೆಯ ನಿರೂಪಕರು. ಆದರೆ ಕಳೆದುಹೋದ ತಮ್ಮನನ್ನು ಹುಡುಕಿ ಹೋರಾಡುವವಳು ಒಬ್ಬ ಸಾಮಾನ್ಯ ಹುಡುಗಿ. ಎರಡರಲ್ಲೂ ನಂಬಿಕೆಗೆ ಒಂದು ಬೆಲೆಯಿದೆ, ಅದನ್ನು ತೆರುವ ಪಾತ್ರಗಳಿವೆ.

ಮೂಡಲಗಿಯ ಹುಡುಗನ ಕಥೆಯಲ್ಲಿ ನನಗೆ ಹಿಡಿಸಿದ್ದು ಪೂಜಾರಿಯ ಮಗಳು. ಅವಳ ಭಕ್ತಿಯ ಪ್ರಶ್ನೆ ನಿಜವಾದದ್ದು. ಗುಡಿಯ ಕೆಳಗೆ ಯಂತ್ರ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಅದನ್ನು ನಿಲ್ಲಿಸಿದರೆ 1918ರ ತವಕವೇ ಮತ್ತೆ ಬಂದಂತೆ. ಅದಕ್ಕೇ ಅವನಿಗೆ ಒಂದು ಬದಲಾವಣೆ ಸೂಚಿಸಿದೆ. ನೌಕೆ ಬರಲಿ, ಆದರೆ ಗುಡಿ ಕಟ್ಟಿದ ಮೇಲೆ ಬರಲಿ. ಇಳಿದವನಿಗೆ ಸಾವಿನ ಅರಿವೇ ಇಲ್ಲದಿರಲಿ. ಅವನು ವೀರಗಲ್ಲಿನ ಮುಂದೆ ನಿಂತು, ಈ ಸತ್ತವನು ಯಾರು, ಇವನನ್ನು ಮೇಲಕ್ಕೆ ಕಳಿಸಿದವರು ಯಾರು, ಕಲ್ಲು ನಿಲ್ಲಿಸಿದವರು ಯಾಕೆ ನಿಲ್ಲಿಸಿದರು ಎಂದು ಪೂಜಾರಿಯ ಮಗಳನ್ನು ಕೇಳಲಿ. ಉತ್ತರ ಹುಡುಕಲು ಅವಳು ಊರೂರು ಅಲೆಯಲಿ, ಶಾಸನ ಓದಲಿ, ಹಿರಿಯರ ಮಾತು ಕೇಳಲಿ. ಆಟದ ಹಂತಗಳು ಅವೇ ಆಗಲಿ.