ಕೊಟ್ಟ ಹೆಣ್ಣು ಯಾವ ಮನೆಯವಳು?

ಹುಣಸಮಾರನಹಳ್ಳಿಯ ನಮ್ಮ ಎದುರುಮನೆ ಆಂಟಿ ಹೋದ ಭಾನುವಾರ ಒಂದು ಪ್ಲಾಸ್ಟಿಕ್ ಫೈಲ್ ಹಿಡ್ಕೊಂಡು ಬಂದರು. "ಓದಿದೋನಲ್ವೇನಪ್ಪ, ಸ್ವಲ್ಪ ನೋಡು." ಅಂಕಲ್ ರಾಜ್ಯ ಸರ್ಕಾರದ ನೌಕರರು, ಸರ್ವೀಸಿನಲ್ಲಿದ್ದಾಗಲೇ ತೀರಿಕೊಂಡರು. ಎಂಟು ತಿಂಗಳಾಯ್ತು. ಒಬ್ಬಳೇ ಮಗಳು. ಮದುವೆಯಾಗಿದೆ, ಆದರೆ ಗಂಡ ಹೆಂಡತಿ ಇಬ್ಬರೂ ಇದೇ ಮನೆಯಲ್ಲಿದ್ದಾರೆ. ಅಳಿಯ ಏರ್‌ಪೋರ್ಟ್ ಕ್ಯಾಬ್ ಓಡಿಸ್ತಾರೆ, ಸಾಲದ ಕಂತು ಕಳೆದು ಉಳಿಯೋದು ಅಷ್ಟಕ್ಕಷ್ಟೆ. ಮನೆ ನಡೀತಿದ್ದಿದ್ದು ಅಂಕಲ್ ಸಂಬಳದಲ್ಲಿ. ಮಗಳಿಗೆ ಅನುಕಂಪದ ಮೇಲೆ ಕೆಲಸ ಕೇಳೋಣ ಅಂತ ವಿಚಾರಿಸಿದರೆ, ಯಾರೋ "ಮದುವೆಯಾದ ಹೆಣ್ಣುಮಕ್ಕಳಿಗೆ ಬರಲ್ಲಮ್ಮ" ಅಂದು ಕಳಿಸಿದ್ದರಂತೆ.

ಆ ಮಾತು ಸುಳ್ಳಲ್ಲ, ಹಳೆಯದು ಅಷ್ಟೆ. 2020ರ ಡಿಸೆಂಬರ್‌ವರೆಗೆ ಅದೇ ನಿಯಮವಾಗಿತ್ತು.

ಅನುಕಂಪದ ಕೆಲಸವನ್ನು ನಮ್ಮಲ್ಲಿ ಜನ "ಅಪ್ಪನ ಕೆಲಸ" ಅಂತಲೇ ಕರೀತಾರೆ, ಹೊಲ ಮನೆ ಬಂದ ಹಾಗೆ ಕೈಗೆ ಬರುತ್ತೆ ಅನ್ನೋ ಧಾಟಿಯಲ್ಲಿ. ಕೋರ್ಟುಗಳು ಇದನ್ನು ಒಪ್ಪಿಲ್ಲ. 1994ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದು ಆಸ್ತಿಯೂ ಅಲ್ಲ, ಹಕ್ಕೂ ಅಲ್ಲ ಅಂದಿತು. ದುಡಿಯುವವನು ಇದ್ದಕ್ಕಿದ್ದಂತೆ ಹೋದಾಗ ಮನೆ ಬೀಳದಿರಲಿ ಅಂತ ಕೊಡುವ ಊರುಗೋಲು ಅಷ್ಟೆ. ಎರಡು ವರ್ಷದ ನಂತರ, 1996ರಲ್ಲಿ, ಕರ್ನಾಟಕ ಇದಕ್ಕೆ ತನ್ನದೇ ನಿಯಮಾವಳಿ ಮಾಡಿಕೊಂಡಿತು. ಪುರುಷ ನೌಕರ ಸತ್ತರೆ ಮೊದಲು ಹೆಂಡತಿ, ಅವಳಿಗಾಗದಿದ್ದರೆ ಮಗ, ಅವನಿಗೂ ಆಗದಿದ್ದರೆ ಅವಿವಾಹಿತ ಮಗಳು. ಆಮೇಲೆ ವಿಧವೆ ಮಗಳು. ಮಗನಿಗೆ ಮದುವೆಯಾಗಿದೆಯೋ ಇಲ್ಲವೋ, ನಿಯಮಕ್ಕೆ ಸಂಬಂಧವೇ ಇಲ್ಲ. ಮಗಳ ಮುಂದೆ ಮಾತ್ರ "ಅವಿವಾಹಿತ" ಅನ್ನೋ ಪದ ಕೂತಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋ ಗಾದೆಯನ್ನು ಯಾರೋ ಸರ್ಕಾರಿ ಭಾಷೆಗೆ ಇಳಿಸಿದ ಹಾಗೆ.

ಈ ಗಾದೆ ಸರ್ಕಾರಿ ನೌಕರಿಯೊಳಗೆ ಹೊಸದೇನಲ್ಲ. ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಅಲ್ಲಿನ ನಿಯಮದ ಪ್ರಕಾರ ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದಿಂದ ಲಿಖಿತ ಅನುಮತಿ ಪಡೀಬೇಕು. ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡಬೇಕು. ಗಂಡಸರಿಗೆ ಇದ್ಯಾವುದೂ ಇರಲಿಲ್ಲ. ಮುತ್ತಮ್ಮ ಕೋರ್ಟಿಗೆ ಹೋದರು, 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರ್ಕಾರಕ್ಕೆ ಚೆನ್ನಾಗಿ ಛೀಮಾರಿ ಹಾಕಿದರು. ಅದಾಗಿ 17 ವರ್ಷಕ್ಕೆ ನಮ್ಮ ರಾಜ್ಯ ಬರೆದ ನಿಯಮದಲ್ಲಿ ಮದುವೆ ಮತ್ತೆ ಹೆಣ್ಣಿಗಷ್ಟೇ ಅನರ್ಹತೆ!

ಮದುವೆಯ ಥರವೇ ವಯಸ್ಸೂ ಬಾಗಿಲು ಮುಚ್ಚಬಲ್ಲದು. ಅಪ್ಪನೋ ಅಮ್ಮನೋ ಸತ್ತಾಗ ಮಗು ಚಿಕ್ಕದಿದ್ದರೆ, 18 ತುಂಬಿದ ಮೇಲೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು ಅಂತ ಮೊದಲಿತ್ತು. 1999ರ ಏಪ್ರಿಲ್ 1ರಿಂದ ಅದು ಬದಲಾಯ್ತು. ಸಾವಾದ ಒಂದು ವರ್ಷದೊಳಗೇ ಅರ್ಜಿ ಬರಬೇಕು, ಅಷ್ಟರಲ್ಲಿ 18 ತುಂಬಿರಲೇಬೇಕು. ಅಂದರೆ ಅಪ್ಪ ಹೋದಾಗ ಹದಿನೇಳು ದಾಟಿದ್ದವನಿಗೆ ದಾರಿಯಿದೆ, ಹದಿನೈದರವನಿಗೆ ಇಲ್ಲ. ಹಸಿವು ಯಾರಿಗೆ ಜಾಸ್ತಿ ಅಂತ ನಾವೇ ಯೋಚಿಸಬಹುದು. ಕೆಲವರಿಗೆ ಕೆಲಸ ಕೊಟ್ಟು, ಆಮೇಲೆ ಈ ಕಾರಣಕ್ಕೇ ತೆಗೆದುಹಾಕಿದರು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2020ರ ಮಾರ್ಚ್ 4ರಂದು ಮೂವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಪರ ನಿಂತಿತು.

ಅದೇ ವರ್ಷ ಡಿಸೆಂಬರ್ 15ರಂದು ಕರ್ನಾಟಕ ಹೈಕೋರ್ಟಿನಲ್ಲಿ ಇನ್ನೊಂದು ತೀರ್ಪು ಬಂತು. ಬೆಳಗಾವಿ ಜಿಲ್ಲೆಯಲ್ಲಿ ಎಪಿಎಂಸಿ ಕಾರ್ಯದರ್ಶಿಯಾಗಿದ್ದವರೊಬ್ಬರು 2016ರಲ್ಲಿ ತೀರಿಕೊಂಡಿದ್ದರು. ಮಗನಿಗೆ ಕೆಲಸ ಬೇಕಿರಲಿಲ್ಲ, ಮಗಳು ಕೇಳಿದಳು. ಮದುವೆಯಾಗಿದೆ ಅಂತ ಅರ್ಜಿ ವಾಪಸ್. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ತರ್ಕ ಸರಳ: ಮದುವೆಯಾದರೂ ಮಗ ಮಗನಾಗೇ ಇರ್ತಾನೆ ಅಂದಮೇಲೆ ಮಗಳೂ ಹಾಗೇ. ನಿಯಮದಲ್ಲಿದ್ದ "ಅವಿವಾಹಿತ" ಅನ್ನೋ ಪದವನ್ನೇ ಅವರು ಹೊಡೆದುಹಾಕಿದರು.

ಆಮೇಲಿನ ಕಥೆ 2021ರ ಸೆಪ್ಟೆಂಬರ್ ಮತ್ತು ಡಿಸೆಂಬರಿನದು. ಇದೇ ನಿಯಮಾವಳಿ ಮೇಲೆ, ಇದೇ ರಾಜ್ಯದ ಇಬ್ಬರು ಹೆಣ್ಣುಮಕ್ಕಳ ವಿಷಯದಲ್ಲಿ, ಸುಪ್ರೀಂ ಕೋರ್ಟಿನ ಎರಡು ಬೇರೆ ಪೀಠಗಳು ಮೂರು ತಿಂಗಳ ಅಂತರದಲ್ಲಿ ತೀರ್ಪು ಕೊಟ್ಟವು.

ಮೊದಲನೆಯವಳ ತಾಯಿ ಮಂಡ್ಯದ ಜಿಲ್ಲಾ ಖಜಾನೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. 2012ರ ಮಾರ್ಚ್ 25ರಂದು ತೀರಿಕೊಂಡರು. ಆಗ ಮಗಳು ವಿವಾಹಿತೆ. ಸೆಪ್ಟೆಂಬರಿನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ, 2013ರ ಮಾರ್ಚ್ 20ಕ್ಕೆ ಡಿಕ್ರಿ, ಮಾರನೇ ದಿನವೇ ಕೆಲಸಕ್ಕೆ ಅರ್ಜಿ. ಹೈಕೋರ್ಟ್ ಅವಳ ಪರ ಹೇಳಿತ್ತು. ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ವಿಚ್ಛೇದಿತ ಮಗಳು ಅನ್ನೋ ವರ್ಗ ನಿಯಮಕ್ಕೆ ಸೇರಿದ್ದೇ 2021ರ ತಿದ್ದುಪಡಿಯಲ್ಲಿ, ತಾಯಿ ಸತ್ತಾಗ ಇವಳು ಅವಲಂಬಿತೆಯೂ ಅಲ್ಲ, ಕೆಲಸಕ್ಕೋಸ್ಕರವೇ ಈ ವಿಚ್ಛೇದನ ಅನ್ನಿಸುತ್ತೆ ಅಂತ ಕಾರಣ ಕೊಟ್ಟಿತು.

ಡಿಸೆಂಬರ್ 17ರಂದು ಇನ್ನೊಬ್ಬಳು, ವಿವಾಹಿತೆ. ರಾಜ್ಯ ಸರ್ಕಾರದ ಮೇಲ್ಮನವಿ ವಜಾ ಆಯ್ತು, ಹೈಕೋರ್ಟಿನ ತರ್ಕಕ್ಕೆ ಸುಪ್ರೀಂ ಕೋರ್ಟ್ ತನ್ನ ಮುದ್ರೆ ಒತ್ತಿತು.

ತಾರೀಖುಗಳನ್ನು ಜೋಡಿಸಿ ನೋಡಿದರೆ ಅನುಮಾನ ಬರೋದು ಸಹಜ, ನಿಜ. ಕೇಂದ್ರದ ಕುಟುಂಬ ಪಿಂಚಣಿಯಲ್ಲೂ ವಿಚ್ಛೇದಿತ ಮಗಳಿಗೆ ತಾರೀಖೇ ಮುಖ್ಯ. ತಂದೆ ತಾಯಿ ಬದುಕಿದ್ದಾಗ ಕೇಸು ಹಾಕಿದ್ದರೆ ಸಾಕು, ಡಿಕ್ರಿ ಆಮೇಲೆ ಬಂದರೂ ನಡೆಯುತ್ತೆ ಅಂತ 2017ರಲ್ಲಿ ಸಡಿಲಿಸಿದರು. ಆ ಲೆಕ್ಕದಲ್ಲೂ ಮಂಡ್ಯದ ಮಗಳು ಸೋಲುತ್ತಿದ್ದಳು. ಆದರೂ ನನಗೊಂದು ವಿಷಯ ಕೊರೀತದೆ. ಮದುವೆಯಾದ ಮಗಳನ್ನೂ ಮಗನ ಥರಾನೇ ನಿಯಮ ಮೊದಲಿಂದ ಲೆಕ್ಕಕ್ಕೆ ಇಟ್ಟುಕೊಂಡಿದ್ದರೆ, ವಿಚ್ಛೇದನದ ತಾರೀಖು ನೋಡೋ ಪ್ರಮೇಯವೇ ಬರ್ತಿರಲಿಲ್ಲ. ಅವಳು ತಾಯಿ ಸಂಬಳ ನಂಬಿ ಬದುಕ್ತಿದ್ದಳಾ ಅಂತಷ್ಟೇ ಕೇಳಿದ್ದರೆ ಸಾಕಿತ್ತು.

ಆಂಟಿಗೂ ಇದನ್ನೇ ಹೇಳಿದೆ. ಮದುವೆ ಈಗ ಅಡ್ಡಿಯಲ್ಲ, ಆದರೆ ಅವಲಂಬನೆ ತೋರಿಸಬೇಕು: ಒಂದೇ ಮನೆಯಲ್ಲಿ ಇದ್ದಿದ್ದು, ಅಂಕಲ್ ಸಂಬಳದಲ್ಲೇ ಊಟ ನಡೆದಿದ್ದು. ಅರ್ಜಿಗೆ ಒಂದು ವರ್ಷದ ಗಡುವು, ಎಂಟು ತಿಂಗಳು ಹೋಗಿದೆ.

"ಅಂದ್ರೆ ಇನ್ನು ನಾಲ್ಕು ತಿಂಗಳು ಐತೆ" ಅಂದರು ಆಂಟಿ. ಫೈಲಿನಲ್ಲಿ ಮರಣ ಪ್ರಮಾಣಪತ್ರ, ಮಗಳ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ರೇಷನ್ ಕಾರ್ಡ್ ಇದ್ದವು. ವಂಶವೃಕ್ಷ ಇರಲಿಲ್ಲ. ಸೋಮವಾರ ಬೆಳಗ್ಗೆ ಅಮ್ಮ ಮಗಳು ಇಬ್ಬರೂ ನಾಡಕಚೇರಿಗೆ ಹೊರಟರು.