ಬಿಸಿಲಿಗೂ ಹೃದಯಕ್ಕೂ ಏನು ಸಂಬಂಧ? 1981ರಲ್ಲಿ ಶುರುವಾದ ಒಂದು ತಕರಾರು

ಬಿಸಿಲಿಗೆ ಹೋಗಬೇಡಿ, ಹೋದರೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಅಂತ ಒಂದು ರೀಲ್ ಹೇಳುತ್ತೆ. ಸ್ವಲ್ಪ ಕೆಳಗೆ ಹೋದರೆ ಇನ್ನೊಂದು ಬರುತ್ತೆ: ಬೆಳಗ್ಗೆ ಬಿಸಿಲಲ್ಲಿ ನಿಂತರೆ ಸಾಕು, ಬಿಪಿ ಮಾತ್ರೆನೇ ಬೇಡ! ಇದರಲ್ಲಿ ಯಾವುದನ್ನ ನಂಬೋದು? ನಾನು ಡಾಕ್ಟರ್ ಅಲ್ಲ, ಓದಿದ್ದು ಬಿ.ಕಾಂ. ಹಾಗಾಗಿ ಚಿಕಿತ್ಸೆ ಹೇಳಲ್ಲ. ಬಿಸಿಲಿನ ಬಗ್ಗೆ ಈಗ ಕೇಳಿಬರುವ ಸಲಹೆ ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು, ಅದನ್ನ ಪ್ರಶ್ನೆ ಮಾಡಿದವರು ಯಾರು ಅನ್ನೋ ಇತಿಹಾಸ ಹೇಳ್ತೀನಿ.

ನೂರು ವರ್ಷದ ಹಿಂದೆ ಯುರೋಪಿನ ವೈದ್ಯರ ಸಲಹೆ ಪೂರ್ತಿ ಉಲ್ಟಾ ಇತ್ತು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯಕ್ಕೆ ಬೆಳಕಿನಿಂದಲೇ ಚಿಕಿತ್ಸೆ ಕೊಟ್ಟು 1903ರಲ್ಲಿ ನೊಬೆಲ್ ಪಡೆದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬೆಟ್ಟದ ಊರು ಲೇಜಾನ್‌ನಲ್ಲಿ ಆಗಸ್ಟ್ ರೋಲಿಯೇ ಅನ್ನೋ ವೈದ್ಯರು ಕ್ಷಯ ರೋಗಿಗಳನ್ನ ಬಿಸಿಲಲ್ಲಿ ಮಲಗಿಸುವ ಆಸ್ಪತ್ರೆ ತೆರೆದರು. 1919ರಲ್ಲಿ ಬರ್ಲಿನ್‌ನ ಕುರ್ಟ್ ಹುಲ್ಡ್‌ಶಿನ್‌ಸ್ಕಿ, ಮೂಳೆ ಮೆತ್ತಗಾಗಿ ಕಾಲು ಬಾಗಿದ ಮಕ್ಕಳಿಗೆ ಅತಿನೇರಳೆ ದೀಪದ ಬೆಳಕು ಕೊಟ್ಟು ಗುಣ ಮಾಡಿದರು. ಆಗ ಬಿಸಿಲು ಅಂದರೆ ಔಷಧಿ.

ಹಾಗಾದರೆ ಅದು ಶತ್ರು ಆಗಿದ್ದು ಹೇಗೆ? ಅದಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಬ್ರಿಟನ್, ಐರ್ಲೆಂಡ್ ಕಡೆಯ ಮೋಡದ ನಾಡಿನಿಂದ ಬಂದ ಬಿಳಿ ಚರ್ಮದ ಜನ ಉರಿಬಿಸಿಲಿನ ದೇಶದಲ್ಲಿ ನೆಲೆಸಿದರು. ಅಲ್ಲಿ ಚರ್ಮದ ಕ್ಯಾನ್ಸರ್ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿದೆ. 1981ರಲ್ಲಿ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಸಂಸ್ಥೆ ಟಿವಿಯಲ್ಲಿ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಅನ್ನೋ ಜಾಹೀರಾತು ಬಿಟ್ಟಿತು. ಸಿಡ್ ಅನ್ನೋ ಕಾರ್ಟೂನ್ ಕಡಲಹಕ್ಕಿ ಕುಣಿಯುತ್ತಾ ಅಂಗಿ ಹಾಕಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಇಡಿ ಅಂತ ಹೇಳುತ್ತಿತ್ತು. ಸಲಹೆ ಸುಳ್ಳಾಗಿರಲಿಲ್ಲ. ಮುಂದೆ 1992ರಲ್ಲಿ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್ ಊರಲ್ಲಿ 1,621 ಜನರ ಮೇಲೆ ಪ್ರಯೋಗ ಶುರುವಾಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಪ್ರಾಣಕ್ಕೇ ಕುತ್ತು ತರುವ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಅರ್ಧದಷ್ಟು ಕಡಿಮೆ ಅಂತ 2011ರಲ್ಲಿ ಗೊತ್ತಾಯಿತು.

ಮಜಾ ಏನಂದ್ರೆ, ಆ ಜಾಹೀರಾತು ಬಂದ 1981ರಲ್ಲೇ ರಾಬರ್ಟ್ ಸ್ಕ್ರಾಗ್ ಅನ್ನೋ ಸಂಶೋಧಕರು ಒಂದು ಲೇಖನ ಬರೆದರು. ಹೃದಯ ಕಾಯಿಲೆಯಿಂದ ಸಾಯುವವರು ಚಳಿಗಾಲದಲ್ಲಿ ಯಾಕೆ ಜಾಸ್ತಿ? ಎಲ್ಲರೂ ಚಳಿಯನ್ನ ದೂರುತ್ತಿದ್ದರು. ಬಿಸಿಲು ಕಡಿಮೆಯಾಗೋದೂ ಕಾರಣ ಇರಬಹುದಲ್ವಾ, ಬಿಸಿಲು ಹೃದಯವನ್ನ ಕಾಪಾಡುತ್ತಿರಬಹುದಲ್ವಾ ಅಂತ ಸ್ಕ್ರಾಗ್ ಕೇಳಿದರು. ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುವ ವಿಟಮಿನ್ ಡಿ ಈ ಕೆಲಸ ಮಾಡುತ್ತಿರಬೇಕು ಅನ್ನೋದು ಅವರ ಊಹೆ.

ಈ ಊಹೆ ಎಲ್ಲರಿಗೂ ಅನುಕೂಲವಾಗಿತ್ತು ನೋಡಿ. ವಿಟಮಿನ್ ಡಿ ಮಾತ್ರೆ ರೂಪದಲ್ಲಿ ಸಿಗುತ್ತೆ. ಬಿಸಿಲಿಂದ ದೂರ ಇರಿ, ಮಾತ್ರೆ ನುಂಗಿ, ಲೆಕ್ಕ ಸರಿಹೋಯ್ತು ಅಂದುಕೊಂಡರು. ಆದರೆ ಲೆಕ್ಕ ಸರಿಹೋಗಲಿಲ್ಲ. ಸ್ಕ್ರಾಗ್ ಅವರೇ ನ್ಯೂಜಿಲೆಂಡಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ತಮ್ಮ ಊಹೆಯನ್ನ ಪರೀಕ್ಷೆಗೆ ಒಡ್ಡಿದರು. 2017ರಲ್ಲಿ ಫಲಿತಾಂಶ ಬಂತು: ತಿಂಗಳಿಗೊಮ್ಮೆ ಕೊಟ್ಟ ವಿಟಮಿನ್ ಡಿ ಹೃದಯ ಕಾಯಿಲೆಯನ್ನ ತಡೆಯಲಿಲ್ಲ. ಮರುವರ್ಷ ಅಮೆರಿಕದಲ್ಲಿ 25,871 ಜನರ ‘ವೈಟಲ್’ ಪ್ರಯೋಗವೂ ಅದನ್ನೇ ಹೇಳಿತು.

ಬಿಸಿಲು-ಹೃದಯದ ಮಾತು ಅಲ್ಲಿಗೆ ಮುಗಿಯಿತಾ? ಇಲ್ಲ. ತಪ್ಪಿದ್ದು ಉತ್ತರ, ಪ್ರಶ್ನೆ ಹಾಗೇ ಉಳಿದಿತ್ತು. ಅಷ್ಟರಲ್ಲಿ ಎಡಿನ್‌ಬರೋದ ಚರ್ಮವೈದ್ಯ ರಿಚರ್ಡ್ ವೆಲ್ಲರ್ ಬೇರೆ ದಾರಿ ಹಿಡಿದಿದ್ದರು. ರಕ್ತನಾಳಗಳನ್ನ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಇದೆ. ಅದರ ಸಂಶೋಧನೆಗೆ 1998ರಲ್ಲಿ ನೊಬೆಲ್ ಬಂತು. ಆ ಅನಿಲ ತಯಾರಾಗುವ ಸರಕು ನಮ್ಮ ಚರ್ಮದಲ್ಲಿ ದಾಸ್ತಾನು ಇರುತ್ತೆ. ವೆಲ್ಲರ್ ತಂಡ 24 ಆರೋಗ್ಯವಂತರ ಮೇಲೆ ಅತಿನೇರಳೆ-ಎ ಬೆಳಕು ಬಿಟ್ಟಿತು. ಇನ್ನೊಂದು ಸಲ ಅದೇ ಜನಕ್ಕೆ ಬೆಳಕು ತಡೆದು ಬರೀ ಶಾಖ ಕೊಟ್ಟಿತು. ಬೆಳಕು ಬಿದ್ದಾಗ ಬಿಪಿ ಸ್ವಲ್ಪ ಇಳಿಯಿತು, ವಿಟಮಿನ್ ಡಿ ಮಾತ್ರ ಬದಲಾಗಲಿಲ್ಲ. ಇದು ಪ್ರಕಟವಾಗಿದ್ದು 2014ರಲ್ಲಿ. ಆಮೇಲೆ 2020ರಲ್ಲಿ ಅಮೆರಿಕದ 3,42,457 ಡಯಾಲಿಸಿಸ್ ರೋಗಿಗಳ ದಾಖಲೆ ನೋಡಿದಾಗ, ಹವೆಯ ಉಷ್ಣಾಂಶವನ್ನ ಲೆಕ್ಕಕ್ಕೆ ತೆಗೆದುಕೊಂಡರೂ ಅತಿನೇರಳೆ ಬೆಳಕು ಹೆಚ್ಚಿದ್ದಾಗ ಬಿಪಿ ಕಡಿಮೆ ಇತ್ತು.

ದಕ್ಷಿಣ ಸ್ವೀಡನ್ನಿನ 29,518 ಮಹಿಳೆಯರನ್ನ ಇಪ್ಪತ್ತು ವರ್ಷ ಗಮನಿಸಿದ ಅಧ್ಯಯನವೂ 2014ರದ್ದೇ. ಬಿಸಿಲಿಂದ ತಪ್ಪಿಸಿಕೊಂಡವರ ಸಾವಿನ ಪ್ರಮಾಣ, ಬಿಸಿಲಿಗೆ ಅತಿ ಹೆಚ್ಚು ಒಡ್ಡಿಕೊಂಡವರಿಗಿಂತ ಸುಮಾರು ಎರಡು ಪಟ್ಟು. ಆದರೆ ಅವಸರ ಬೇಡ. ಆರೋಗ್ಯ ಚೆನ್ನಾಗಿರೋರೇ ಹೊರಗೆ ಜಾಸ್ತಿ ಓಡಾಡ್ತಾರೆ, ಫಲಿತಾಂಶಕ್ಕೆ ಅದೂ ಕಾರಣ ಇರಬಹುದು ಅನ್ನೋ ಟೀಕೆ ನ್ಯಾಯವಾದದ್ದೇ. ಬಿಸಿಲು ಕೊಟ್ಟು ಹೃದಯಾಘಾತ ಕಡಿಮೆ ಮಾಡಿ ತೋರಿಸಿದ ದೊಡ್ಡ ಪ್ರಯೋಗ ಇವತ್ತಿಗೂ ಇಲ್ಲ.

ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಬಿಸಿಲಿನ ಖಾತೆಯಲ್ಲಿ ಬಹಳ ಕಾಲ ನಷ್ಟದ ಕಡೆ ಮಾತ್ರ ಬರೆದರು. ನಷ್ಟ ಬರೆದದ್ದು ತಪ್ಪಲ್ಲ, ಇನ್ನೊಂದು ಕಡೆಯನ್ನ ಖಾಲಿ ಬಿಟ್ಟಿದ್ದು ತಪ್ಪು. ಅದೂ ಒಂದೇ ಬಗೆಯ ಚರ್ಮದವರ ಲೆಕ್ಕ ಅದು. ಇದನ್ನ ಮೊದಲು ತಿದ್ದಿಕೊಂಡವರಲ್ಲಿ ಆಸ್ಟ್ರೇಲಿಯಾದವರೂ ಇದ್ದಾರೆ. 2024ರಲ್ಲಿ ಅಲ್ಲಿನ ತಜ್ಞರು ಚರ್ಮದ ಬಣ್ಣ ನೋಡಿ ಜನರನ್ನ ಮೂರು ಗುಂಪು ಮಾಡಿದರು. ಗಾಢ ಬಣ್ಣದವರು ಬಹಳ ಹೊತ್ತು ಹೊರಗಿರದಿದ್ದರೆ ದಿನನಿತ್ಯ ಸನ್‌ಸ್ಕ್ರೀನ್ ಹಚ್ಚಬೇಕಿಲ್ಲ ಅಂದರು. ಮೆಲ್ಬರ್ನ್, ಸಿಡ್ನಿಯಲ್ಲಿರೋ ಕನ್ನಡದವರು ಗಮನಿಸಬೇಕಾದ ಮಾತು ಇದು.

ನಮ್ಮೂರಿನ ವಿಷಯಕ್ಕೆ ಬಂದರೆ, 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಕ್ಯೂ ನಿಂತಿದ್ದು ನೆನಪಿದೆಯಲ್ವಾ? ಭಯ ಇದ್ದಾಗ ಸುಲಭದ ಉತ್ತರ ಮಾರೋರು ಜಾಸ್ತಿ ಆಗ್ತಾರೆ. ವೆಲ್ಲರ್ ಪ್ರಯೋಗ ತೋರಿಸಿದ್ದು ಬಿಪಿಯಲ್ಲಿ ಸಣ್ಣ ಇಳಿಕೆ, ಅದೂ ಸ್ವಲ್ಪ ಹೊತ್ತಿನದು. ಅದನ್ನ ನಂಬಿ ಅಪ್ಪನೋ ಅಮ್ಮನೋ ಬಿಪಿ ಮಾತ್ರೆ ಬಿಟ್ಟರೆ ಸ್ಟ್ರೋಕ್ ಆಗಬಹುದು. ಮತ್ತೆ ಎಡಿನ್‌ಬರೋ ಬಿಸಿಲೇ ಬೇರೆ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನವೇ ಬೇರೆ. ಆ ಕಾವು ಹೃದಯಕ್ಕೆ ಭಾರ.

ಹಾಗಂತ ಬಿಸಿಲು ಕಂಡರೆ ಹೆದರಿ ದಿನವಿಡೀ ಎಸಿ ರೂಮಲ್ಲಿ ಕೂರೋದೂ ಬೇಡ. ಬೆಳಗ್ಗೆಯೋ ಸಂಜೆಯೋ ಹೊರಗೆ ನಡೆದಾಡಿ, ಚರ್ಮ ಸುಡುವಷ್ಟು ಹೊತ್ತು ಬೇಡ. ಯಾರಾದರೂ ಆರೋಗ್ಯದ ಸಲಹೆ ಕೊಟ್ಟರೆ ಎರಡು ಪ್ರಶ್ನೆ ಕೇಳಿ: ಇದನ್ನ ಯಾರ ಮೇಲೆ ಪರೀಕ್ಷೆ ಮಾಡಿದ್ದು? ಏನನ್ನ ಅಳೆದಿದ್ದು? ಸನ್‌ಸ್ಕ್ರೀನ್ ರೀಲ್‌ಗೂ ಕೇಳಿ, ಮಾತ್ರೆ ಬಿಡಿ ಅನ್ನೋ ರೀಲ್‌ಗೂ ಕೇಳಿ. ಮನೆಯಲ್ಲಿ ಬಿಪಿ ಇರೋರಿಗೆ ಈ ಸಂಚಿಕೆ ಕಳಿಸಿ.